ಹೊಟ್ಟೆಗೆ ಹಾಕಿಕೊಳ್ಳುವ ಕೋಲು

ಗಾಲ್ಫ್ ಆಡುವವರು ತಮ್ಮ ಕೋಲುಗಳ ಬಗ್ಗೆ ಮಾತಾಡುವಾಗ ಒಂದು ಪದ ಮತ್ತೆ ಮತ್ತೆ ಬರುತ್ತದೆ: ‘ಫರ್ಗಿವಿಂಗ್’. ಈ ಡ್ರೈವರ್ ತುಂಬ ಫರ್ಗಿವಿಂಗ್, ಆ ಹಳೆಯದು ಸ್ವಲ್ಪವೂ ಅಲ್ಲ ಎನ್ನುತ್ತಾರೆ. ನನ್ನ ಗೆಳೆಯನೊಬ್ಬ ಎಂಬಸಿ ಗಾಲ್ಫ್ ಲಿಂಕ್ಸ್ ಆವರಣದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಕಚೇರಿಯ ಪಕ್ಕದಲ್ಲೇ ಇರುವ ಹಸಿರನ್ನು ನೋಡಿ ನೋಡಿ, ಕೊನೆಗೆ ತಾನೂ ಆಟ ಕಲಿಯಲು ಹೊರಟವನು. ಹೋದ ವರ್ಷ ಅರ್ಧ ಲಕ್ಷದ ಆಸುಪಾಸು ಕೊಟ್ಟು ಟೈಟಾನಿಯಂ ಡ್ರೈವರ್ ತಂದಾಗ ಅವನು ಮೊದಲು ಹೇಳಿದ್ದೇ ಇದು: “ಎಲ್ಲಿಗೆ ತಾಗಿಸಿದ್ರೂ ನೆಟ್ಟಗೆ ಹೋಗುತ್ತೆ ಕಣೇ. ಕ್ಷಮಿಸಿಬಿಡುತ್ತೆ.”

ನಾನು ಹಳಗನ್ನಡದ ಜೈನ ಕಾವ್ಯಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ‘ಕ್ಷಮೆ’ ಎಂಬ ಪದ ಕಿವಿಗೆ ಬಿದ್ದರೆ ಸುಮ್ಮನಿರಲಾಗದು. ಜೈನರ ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ವರ್ಷಕ್ಕೊಂದು ದಿನ ಎಲ್ಲ ಜೀವಿಗಳ ಕ್ಷಮೆ ಕೇಳುವ ಆಚರಣೆಯೇ ಅವರಲ್ಲಿದೆ. ಅಷ್ಟು ತೂಕದ ಪದವನ್ನು ಇನ್ನೂರು ಗ್ರಾಂ ಲೋಹದ ಮೇಲೆ ಹೇರಬಹುದೇ? ನಗಬೇಕೆಂದುಕೊಂಡೆ, ಆದರೆ ನಗು ಬರಲಿಲ್ಲ. ಕನ್ನಡದಲ್ಲಿ ತಪ್ಪನ್ನು ಮನ್ನಿಸುವುದಕ್ಕೆ ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎನ್ನುತ್ತೇವಲ್ಲ, ಆ ಡ್ರೈವರಿನ ತಲೆ ನಿಜಕ್ಕೂ ಒಂದು ಟೊಳ್ಳು ಹೊಟ್ಟೆ. ಆಡುವವನ ತಪ್ಪು ಹೋಗಿ ಸೇರುವುದು ಅಲ್ಲಿಗೇ.

ಹೇಗೆಂದು ಸ್ವಲ್ಪ ವಿವರಿಸಬೇಕು. ಚೆಂಡು ಕೋಲಿನ ಮುಖದ ನಡುಮಧ್ಯಕ್ಕೆ ತಾಗದೆ ಅಂಚಿಗೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ. ಚೆಂಡಿನ ವೇಗವೂ ದಿಕ್ಕೂ ಕೆಡುತ್ತವೆ. ಹಿಂದಿನ ಕಾಲದ ಮರದ ತಲೆಗಳು ಚಿಕ್ಕವು, ಗಟ್ಟಿ, ತೂಕವೆಲ್ಲ ನಡುವಿನಲ್ಲೇ. ಒಂದು ಬೆರಳಗಲ ತಪ್ಪಿದರೂ ಚೆಂಡು ಪೊದೆಗೆ. ಟೈಟಾನಿಯಂ ಉಕ್ಕಿಗಿಂತ ಹಗುರ. ಉಕ್ಕಿನ ಸಾಂದ್ರತೆ ಹತ್ತಿರ ಹತ್ತಿರ 7.8, ಇದರದು 4.5, ಆದರೆ ಬಲದಲ್ಲಿ ಕಡಿಮೆಯಿಲ್ಲ. ಹಾಗಾಗಿ ಗೋಡೆಯನ್ನು ತೆಳ್ಳಗೆ ಮಾಡಿ, ತಲೆಯನ್ನು ದೊಡ್ಡದಾಗಿಸಿ, ಉಳಿದ ತೂಕವನ್ನು ಅಂಚಿಗೂ ಹಿಂಬದಿಗೂ ತಳ್ಳಬಹುದು. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಉದ್ದನೆಯ ಗಳು ಹಿಡಿದಿರುತ್ತಾಳೆ. ತೂಕ ನಡುವಿನಿಂದ ದೂರವಿದ್ದಷ್ಟೂ ಗಳು ಸುಲಭಕ್ಕೆ ತಿರುಗುವುದಿಲ್ಲ, ಅವಳು ಬೀಳುವುದಿಲ್ಲ. ಡ್ರೈವರಿನ ಕ್ಷಮೆಯೂ ಅದೇ ಗಳುವಿನ ಲೆಕ್ಕ.

ಇದನ್ನು ಬಿಟ್ಟರೆ ಬಿಟ್ಟಷ್ಟೂ ಬೆಳೆಯುತ್ತದೆಂದು ಆಟದ ನಿಯಮ ಬರೆಯುವವರು ಮಿತಿ ಹಾಕಿದ್ದಾರೆ. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು. ತಿರುಚಿಕೊಳ್ಳದೆ ನಿಲ್ಲುವ ಗುಣ, ಅಂದರೆ ಜಡತ್ವ ಭ್ರಮಣಾಂಕ, 5,900 ಗ್ರಾಂ–ಚದರ ಸೆಂಟಿಮೀಟರ್ ಮೀರಬಾರದು. ಅಳತೆಯ ಹೆಚ್ಚುಕಡಿಮೆಗೆಂದು ಇನ್ನೊಂದು 100 ರಿಯಾಯಿತಿ. ಇದನ್ನು ಓದಿದಾಗ ನನಗೆ ಶಿಶುಪಾಲನ ನೆನಪಾಯಿತು. ಕೃಷ್ಣ ಅವನಿಗೆ ಕೊಟ್ಟದ್ದೂ ನೂರರ ರಿಯಾಯಿತಿಯೇ. ಕ್ಷಮೆಗೆ ಒಂದು ಸಂಖ್ಯೆ ನಿಗದಿಯಾದ ಮೇಲೆ ಅದು ಕ್ಷಮೆಯೋ ಕರಾರೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹಳ ವಯಸ್ಸಾಗಿದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಕೋಲು ಮನ್ನಿಸುತ್ತದೆ ಎನ್ನುವಾಗ, ಮನ್ನಿಸುವುದು ಯಾವುದನ್ನು? ಆಡುವವನ ಉದ್ದೇಶದಲ್ಲಿ ತಪ್ಪಿರುವುದಿಲ್ಲ. ಪ್ರತಿಯೊಬ್ಬನೂ ನೆಟ್ಟಗೇ ಹೊಡೆಯಬೇಕೆಂದಿರುತ್ತಾನೆ. ತಪ್ಪುವುದು ಮೈ. ಹಳೆಯ ಕೋಲಿನ ಲೋಕದಲ್ಲಿ ಉದ್ದೇಶಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಫಲಕ್ಕಷ್ಟೇ ಬೆಲೆ. ಇದಕ್ಕೆ ನೇರ ವಿರುದ್ಧದ ಲೋಕ ಜನ್ನನ ‘ಯಶೋಧರ ಚರಿತೆ’ಯದು. 1209ರ ಆ ಕಾವ್ಯದಲ್ಲಿ ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನು. ತಾಯಿಯ ಒತ್ತಾಯಕ್ಕೆ ಮಣಿದು, ಜೀವಹಿಂಸೆ ಬೇಡವೆಂದು ಮಾಡಿಕೊಂಡ ಏರ್ಪಾಡು ಅದು. ಆದರೂ ಕತ್ತಿ ಬೀಸುವಾಗ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿ–ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಯಿತು. ಅಲ್ಲಿ ಸಂಕಲ್ಪವೇ ಎಲ್ಲ, ಫಲ ಏನೂ ಅಲ್ಲ.

ಈ ಎರಡು ಲೋಕಗಳ ನಡುವೆ ನಿಂತಿರುವುದು ಟೈಟಾನಿಯಂ ಡ್ರೈವರ್. ಅದು ಫಲವನ್ನು ಉದ್ದೇಶದ ಕಡೆಗೆ ಒಂದಿಷ್ಟು ಎಳೆದು ತರುತ್ತದೆ. ನೀನು ಹೊಡೆದ ಹಾಗಲ್ಲ, ಹೊಡೆಯಬೇಕೆಂದುಕೊಂಡ ಹಾಗೆ ಹೋಗಲಿ ಎನ್ನುತ್ತದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ದ ಚರ್ಚೆ ಶುರುಮಾಡಿದ ಮೇಲೆ ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಇಕ್ಕಟ್ಟು ಪರಿಚಿತ: ನಮ್ಮ ಕೈಯಲ್ಲಿಲ್ಲದ ಫಲಕ್ಕೆ ನಮ್ಮನ್ನು ಹೊಣೆ ಮಾಡುವುದು ನ್ಯಾಯವೇ? ಆ ಕಡೆಯಿಂದ ನೋಡಿದರೆ ನನ್ನ ಗೆಳೆಯನ ಕೋಲು ಕ್ಷಮಿಸುತ್ತಿಲ್ಲ, ನ್ಯಾಯ ಕೊಡುತ್ತಿದೆ. ವಾರವಿಡೀ ಕುರ್ಚಿಯಲ್ಲಿ ಕೂತು ಸೊಂಟ ಬಿಗಿದುಕೊಂಡವನಿಗೆ, ಭಾನುವಾರ ಬೆಳಗ್ಗೆ, ಅವನು ಬಯಸಿದ್ದರಲ್ಲಿ ಸ್ವಲ್ಪವನ್ನು.

ಇದಕ್ಕೆ ಬರ್ನಾರ್ಡ್ ಸೂಟ್ಸ್ ಒಪ್ಪುತ್ತಿರಲಿಲ್ಲವೇನೋ. 1978ರ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಆಟ ಎಂದರೇನೆಂದು ಹೇಳಲು ಆತ ಗಾಲ್ಫನ್ನೇ ಉದಾಹರಣೆಗೆ ತಂದುಕೊಂಡ. ಚೆಂಡನ್ನು ಕುಳಿಗೆ ಹಾಕುವುದಷ್ಟೇ ಗುರಿಯಾಗಿದ್ದರೆ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಕಬಹುದಿತ್ತು. ಅನಗತ್ಯ ಅಡ್ಡಿಯೊಂದನ್ನು ನಾವೇ ಒಪ್ಪಿಕೊಂಡು ದಾಟಲು ಹೊರಡುವುದೇ ಆಟ. ಹಾಗಾದರೆ ಅಡ್ಡಿಯನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಸಿಕೊಂಡವನು ಆಟದ ಒಂದು ತುಂಡನ್ನೇ ಮಾರಿಬಿಟ್ಟಂತಾಯಿತು. ವಾದ ಚೆನ್ನಾಗಿದೆ. ಆದರೆ ಎಷ್ಟು ಅಡ್ಡಿ ಇದ್ದರೆ ಸಾಕು ಎಂಬುದನ್ನು ಅದು ಹೇಳುವುದಿಲ್ಲ.

ಆ ‘ಎಷ್ಟು’ ಎಂಬುದಕ್ಕೆ ದೊಡ್ಡ ಜಗಳವೇ ನಡೆದಿದೆ. 2000ದಲ್ಲಿ ಕ್ಯಾಲವೇ ಕಂಪನಿ ಇಆರ್‌ಸಿ–2 ಎಂಬ ಡ್ರೈವರ್ ತಂದಿತು. ಅದರ ಮುಖ ಸ್ಪ್ರಿಂಗಿನಂತೆ ಚಿಮ್ಮುತ್ತದೆ, ನಿಯಮಕ್ಕೆ ಒಗ್ಗದು ಎಂದಿತು ಅಮೆರಿಕದ ಯುಎಸ್‌ಜಿಎ. ಸ್ಕಾಟ್ಲೆಂಡಿನಿಂದ ಉಳಿದ ಜಗತ್ತಿಗೆಲ್ಲ ನಿಯಮ ಹೇಳುವ ಆರ್ ಅಂಡ್ ಎ ಆಗ ಅಂಥ ಮಿತಿಯನ್ನೇ ಇಟ್ಟಿರಲಿಲ್ಲ. ಒಂದೇ ಕೋಲು ಅಮೆರಿಕದಲ್ಲಿ ಅಕ್ರಮ, ನಮ್ಮ ಬೆಂಗಳೂರಿನಲ್ಲಿ ಸಕ್ರಮ! ಆ ಹೊತ್ತಿಗೆ ಅರ್ನಾಲ್ಡ್ ಪಾಮರ್, ಅಮೆರಿಕದ ಗಾಲ್ಫಿನ ಪ್ರೀತಿಯ ಹಿರಿಯ, ಸುಮ್ಮನೆ ಸಂತೋಷಕ್ಕೆ ಆಡುವವರು ಅದನ್ನು ಬಳಸಿದರೆ ತಪ್ಪೇನಿಲ್ಲವೆಂದು ಕಂಪನಿಯ ಪರ ನಿಂತ. ಆಟದ ಪಾವಿತ್ರ್ಯ ಕಾಯುವವರು ಬೆಚ್ಚಿಬಿದ್ದರು. ಪಾಮರ್‌ಗೆ ಕಂಪನಿಯ ಜೊತೆ ವ್ಯವಹಾರವಿತ್ತು, ಅದನ್ನು ಮರೆಯುವಂತಿಲ್ಲ. ಆದರೂ ಹವ್ಯಾಸಿಗಳ ಮಟ್ಟಿಗೆ ನಾನು ಅವನ ಕಡೆಗೇ. ಸಂಗೀತ ಕಲಿಯುವ ಮಗುವಿಗೆ ಶ್ರುತಿಪೆಟ್ಟಿಗೆ ಕಸಿದುಕೊಂಡು ಶುದ್ಧತೆಯ ಪಾಠ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇಷ್ಟರಲ್ಲೇ ಮುಗಿಯುತ್ತಿತ್ತು, ನಾನಿರುವ ಕೋಡಿಹಳ್ಳಿಯ ಮನೆಯ ಕೆಳಗಿನ ಭಾಗದಲ್ಲಿ ಒಬ್ಬ ಕ್ಯಾಡಿ ಇಲ್ಲದಿದ್ದರೆ. ಮೂವತ್ತು ವರ್ಷದಿಂದ ಬೇರೆಯವರ ಚೀಲ ಹೊತ್ತವರು. ಅವರನ್ನು ನಾನು ಅಣ್ಣ ಎನ್ನುತ್ತೇನೆ. ಮರದ ತಲೆ, ಉಕ್ಕಿನ ತಲೆ, ಟೈಟಾನಿಯಂ ತಲೆ ಮೂರನ್ನೂ ಒರೆಸಿದ ಕೈ ಅವರದು. ಗೆಳೆಯನ ‘ಕ್ಷಮಿಸುವ ಕೋಲಿ’ನ ಮಾತು ಹೇಳಿದಾಗ ಅವರು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

“ಹಳೇ ಕೋಲು ಕೈಗೇ ಹೇಳ್ಬಿಡೋದಮ್ಮ. ತಪ್ಪು ಹೊಡೆದ್ರೆ ಮೊಣಕೈವರೆಗೂ ಜುಮ್ ಅನ್ನೋದು. ಇದು ಹೇಳಲ್ಲ. ಟಣ್ ಅಂತ ಒಂದೇ ಸದ್ದು, ಸರಿ ಹೊಡೆದ್ರೂ ಅದೇ, ತಪ್ಪು ಹೊಡೆದ್ರೂ ಅದೇ. ಸಾಹೇಬ್ರು ಖುಷಿಯಾಗಿ ಮುಂದಕ್ಕೆ ಹೋಗ್ತಾರೆ. ಕೋಲು ಒರೆಸೋವಾಗ ನಂಗೆ ಗೊತ್ತಾಗುತ್ತೆ, ಗುರುತು ಎಲ್ಲಿದೆ ಅಂತ.”

“ಹೇಳ್ತೀರಾ ಅವರಿಗೆ?”

“ಕೇಳಿದ್ರೆ ಹೇಳ್ತೀನಿ. ಕೇಳೋರು ಕಮ್ಮಿ. ಒರೆಸಿ ಚೀಲಕ್ಕೆ ಹಾಕ್ತೀನಿ.”

ನನಗೆ ಆ ಮಾತಿನ ಮೇಲೆ ನಿಲ್ಲಬೇಕೆನಿಸಿತು. ಹನ್ನಾ ಅರೆಂಟ್ 1958ರ ‘ದಿ ಹ್ಯೂಮನ್ ಕಂಡಿಶನ್’ನಲ್ಲಿ ಕ್ಷಮೆಯನ್ನು ದೊಡ್ಡ ಮಾನವ ಸಾಮರ್ಥ್ಯವೆಂದು ಕರೆಯುತ್ತಾಳೆ, ಮಾಡಿದ್ದನ್ನು ಹಿಂತೆಗೆದುಕೊಳ್ಳಲಾಗದ ಈ ಲೋಕದಲ್ಲಿ ಮತ್ತೆ ಶುರುಮಾಡಲು ಅದೊಂದೇ ದಾರಿ. ಆದರೆ ಅದಕ್ಕೆ ಇನ್ನೊಬ್ಬರು ಬೇಕು. ತನ್ನನ್ನು ತಾನೇ ಕ್ಷಮಿಸಿಕೊಳ್ಳಲು ಆಗದು. ಇದಕ್ಕೆ ನಾನು ಸೇರಿಸುವುದು ಇಷ್ಟು: ಆ ಇನ್ನೊಬ್ಬರಿಗೆ ತಪ್ಪು ಗೊತ್ತಿರಬೇಕು. ಗೊತ್ತಿದ್ದೂ ಹೊಟ್ಟೆಗೆ ಹಾಕಿಕೊಂಡರೆ ಕ್ಷಮೆ. ಗೊತ್ತೇ ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರು. ಡ್ರೈವರಿಗೆ ಏನೂ ಗೊತ್ತಿಲ್ಲ. ಗುರುತನ್ನು ನೋಡಿದವರು, ನೋಡಿಯೂ ಒರೆಸಿದವರು ಅಣ್ಣ. ಆ ಅರ್ಧ ಲಕ್ಷಕ್ಕೆ ಗೆಳೆಯ ಕೊಂಡದ್ದು ಕ್ಷಮೆಯನ್ನಲ್ಲ, ಸುದ್ದಿ ತನಗೆ ಮುಟ್ಟದಂತೆ ಮಾಡುವ ಒಂದು ಏರ್ಪಾಡನ್ನು.

ಇದು ಆಟದ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸಂಶೋಧನಾ ಲೋಕದಲ್ಲೂ ಇಂಥ ಡ್ರೈವರುಗಳಿವೆ. ಸಹಪಾಠಿಯೊಬ್ಬಳ ಮಾರ್ಗದರ್ಶಕರು ನಾಲ್ಕು ವರ್ಷ ಅವಳ ಪ್ರತಿ ಅಧ್ಯಾಯಕ್ಕೂ “ಚೆನ್ನಾಗಿದೆ, ಮುಂದುವರಿಸಿ” ಎಂದರು. ಎಲ್ಲರೂ ಅವರನ್ನು ಕರುಣಾಮಯಿ ಎನ್ನುತ್ತಿದ್ದೆವು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನವರು ಮೂರನೆಯ ಅಧ್ಯಾಯದ ಆಧಾರವನ್ನೇ ಅಲುಗಾಡಿಸಿದಾಗ ಅವಳ ಮುಖದಲ್ಲಿ ಕಂಡದ್ದು ಸೋಲಿಗಿಂತ ಹೆಚ್ಚಾಗಿ ಆಶ್ಚರ್ಯ: ಇದು ನನಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ? ಈಗಂತೂ ನಾವು ಬರೆದ ವಾಕ್ಯವನ್ನು ನಾವು ನೋಡುವ ಮೊದಲೇ ತಿದ್ದಿಕೊಡುವ ಯಂತ್ರಗಳು ಬಂದಿವೆ. ವಾಕ್ಯ ನೆಟ್ಟಗಾಗುತ್ತದೆ. ಮೊಣಕೈಗೆ ಜುಮ್ ಅನ್ನುವುದಿಲ್ಲ.

ಜುಮ್ ಅನ್ನಿಸಿಕೊಂಡು ಕಲಿತವರೂ ಇದ್ದಾರೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ಅದೂ ಕೊರಿಯಾದ ಆಟಗಾರನೊಡನೆ ಪ್ಲೇಆಫ್ ಆಡಿ. ಅದಕ್ಕೂ ಮೊದಲು, 1991ರಲ್ಲಿ, ದೆಹಲಿಯ ಕ್ಯಾಡಿ ಅಲಿ ಶೇರ್ ಅದೇ ಪಂದ್ಯ ಗೆದ್ದಿದ್ದರು. ಇಂಥ ಕತೆಗಳನ್ನು ಕೇಳಿ “ನೋಡಿ, ಕಷ್ಟವೇ ಗುರು” ಎಂದುಬಿಡುವುದು ಸುಲಭ. ನನಗದು ಸರಿಯೆನಿಸುವುದಿಲ್ಲ. ಕಷ್ಟ ಹತ್ತಾರು ಮಂದಿಯನ್ನು ಚೀಲ ಹೊರುವಲ್ಲೇ ನಿಲ್ಲಿಸಿ ಒಬ್ಬನನ್ನು ಮೇಲಕ್ಕೆ ಬಿಡುತ್ತದೆ. ಅಣ್ಣನೂ ಒಂದು ಕಾಲಕ್ಕೆ ಯಾರೋ ಬಿಸಾಕಿದ ಕೋಲಿನಲ್ಲಿ ಚೆನ್ನಾಗಿ ಆಡುತ್ತಿದ್ದರಂತೆ. ಆ ಕೋಲು ಅವರ ಒಂದು ತಪ್ಪನ್ನೂ ಮನ್ನಿಸಲಿಲ್ಲ; ಮನ್ನಿಸಿದ್ದರೆ ಏನಾಗುತ್ತಿತ್ತೋ. ಕ್ಷಮೆ ಹೆಚ್ಚು ಬೇಕಾದವರಿಗೂ ಕ್ಷಮೆ ಕೊಳ್ಳಬಲ್ಲವರಿಗೂ ತಾಳೆಯಾಗದಿರುವುದು ಗಾಲ್ಫಿನಲ್ಲಿ ಮಾತ್ರ ಇರುವ ವಿಷಯವಲ್ಲ.

ಇನ್ನೊಂದು ಮಾತು, ಬಂದದ್ದರಿಂದ ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ ಕ್ಷಮಾ ಎಂದರೆ ನೆಲ ಎಂದೂ ಅರ್ಥ. ಟೈಟಾನಿಯಂಗೆ ಹೆಸರು ಕೊಟ್ಟ ಗ್ರೀಕರ ಟೈಟನ್ನರೂ ಭೂಮಿಯ ಮಕ್ಕಳೇ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವಿರುವುದು ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆಯ ಅಂಗಳವಾಗಿದ್ದ ಜಾಗದಲ್ಲಿ. ಅದೇ ಕಣಿವೆಯ ಕೆಳಗಿನ ಬೆಳ್ಳಂದೂರು ಕೆರೆ ನೊರೆಯುಕ್ಕಿ, 2015ರಿಂದೀಚೆಗೆ ಒಂದಲ್ಲ ಹಲವು ಸಲ ಹೊತ್ತಿ ಉರಿದದ್ದನ್ನು ಈ ಊರು ನೋಡಿದೆ. ನೆಲ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆಂದು ನಂಬಿ ನಾವು ಎಷ್ಟು ದಿನದಿಂದ ಗುರುತು ಒರೆಸುತ್ತಿದ್ದೇವೆ!

ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನ ಡ್ರೈವ್ ಈಗ ನೆಟ್ಟಗೆ ಹೋಗುತ್ತದೆ, ಆದರೆ ಅಂಕ ಮಾತ್ರ ಇದ್ದಲ್ಲೇ ಇದೆ. ಗಾಲ್ಫಿನ ವಿಚಿತ್ರವೆಂದರೆ ಇನ್ನೂರೈವತ್ತು ಗಜದ ಹೊಡೆತವೂ ಒಂದೇ ಲೆಕ್ಕ, ಕುಳಿಯ ಬಾಯಲ್ಲಿ ತಳ್ಳುವ ಎರಡಡಿಯೂ ಒಂದೇ ಲೆಕ್ಕ. ಅವನು ತಪ್ಪುತ್ತಿರುವುದು ಆ ಎರಡಡಿ, ಮೂರಡಿಗಳಲ್ಲಿ. ಇದೇ ಊರಿನ ಅದಿತಿ ಅಶೋಕ್ ಕೆಜಿಎಯ ಅಭ್ಯಾಸದ ಅಂಗಳದಲ್ಲಿ ಆಟ ಶುರುಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವವರ ಪಟ್ಟಿಯ ತಳದ ಹತ್ತಿರವಿದ್ದುಕೊಂಡೇ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಅವರನ್ನು ಅಲ್ಲಿಯವರೆಗೆ ಕರೆದೊಯ್ದದ್ದು ಕುಳಿಯ ಬಳಿಯ ಆ ಸಣ್ಣ ತಳ್ಳುಗಳು.

ಇದನ್ನು ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಪಟರುಗಳಲ್ಲೂ ಈಗ ಫರ್ಗಿವಿಂಗ್ ಬಂದಿವೆ, ನೋಡಬೇಕು ಎಂದ. ಕೊಳ್ಳುವ ಮೊದಲು ಒಮ್ಮೆ ಕೆಳಗಿನ ಮನೆಯ ಅಣ್ಣನನ್ನು ಕೇಳು ಎಂದೆ. ಏನನ್ನು ಕೇಳಲಿ ಎಂದ. ಈ ಭಾನುವಾರ ಅವರನ್ನೇ ಕ್ಯಾಡಿಯಾಗಿ ಕರೆದುಕೊಂಡಿದ್ದಾನೆ.