ಮೂವತ್ತೊಂದನೆಯ ದಿನ

ಸುಳ್ಳು ಹೇಳಿದವನನ್ನು ನಾವು ಬಯ್ಯುತ್ತೇವೆ. ಏನೂ ಹೇಳದೆ ಕಾಯಿಸಿದವನನ್ನು ಏನೆನ್ನಬೇಕು? 'ನಾಳೆ ಬನ್ನಿ' ಎಂಬ ಮಾತಿನಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೂ ಅದನ್ನು ಹತ್ತು ಸಲ ಕೇಳಿಸಿಕೊಂಡು ಸರ್ಕಾರಿ ಕಚೇರಿಯ ಮೆಟ್ಟಿಲಿಳಿಯುವವನಿಗೆ, ತನಗಾದದ್ದು ಅನ್ಯಾಯವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬರೆದವರಿಗೆ ಇದು ಗೊತ್ತಿತ್ತು. ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಗಳೊಳಗೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ನಿರಾಕರಿಸಿದಂತೆಯೇ ಸರಿ ಎನ್ನುತ್ತದೆ 7ನೇ ಕಲಂ. ಅಂದರೆ ಮೂವತ್ತೊಂದನೆಯ ದಿನ ಮೌನಕ್ಕೊಂದು ಅರ್ಥ ಬರುತ್ತದೆ.

ಆ ಅರ್ಥವನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಮಣಿಪುರದಲ್ಲಿ 2007ರ ಫೆಬ್ರವರಿ 9ರಂದು ಒಬ್ಬರು ಅರ್ಜಿ ಹಾಕಿದರು. 1980ರಿಂದ 2006ರವರೆಗೆ ರಾಜ್ಯ ಸರ್ಕಾರ ನಡೆಸಿದ ಮ್ಯಾಜಿಸ್ಟ್ರೇಟ್ ವಿಚಾರಣೆಗಳ ವಿವರ ಅವರಿಗೆ ಬೇಕಿತ್ತು. ಇಂಥ ವಿಚಾರಣೆಗಳು ನಡೆಯುವುದು ಸಾಮಾನ್ಯವಾಗಿ ಗೋಲಿಬಾರಿನ ನಂತರ, ಪೊಲೀಸ್ ವಶದಲ್ಲಿ ಸಾವು ಸಂಭವಿಸಿದಾಗ. ಉತ್ತರ ಬರಲಿಲ್ಲ. ಅವರು ರಾಜ್ಯ ಮಾಹಿತಿ ಆಯೋಗಕ್ಕೆ ದೂರಿತ್ತರು. 15 ದಿನಗಳಲ್ಲಿ ಕೊಡಿ ಎಂದಿತು ಆಯೋಗ. ಸರ್ಕಾರ ಹೈಕೋರ್ಟಿಗೆ ಹೋಯಿತು. ಏಕಸದಸ್ಯ ಪೀಠದಲ್ಲಿ ಸೋತು, 2010ರಲ್ಲಿ ವಿಭಾಗೀಯ ಪೀಠದಲ್ಲಿ ಗೆದ್ದಿತು. 2011ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: 18ನೇ ಕಲಮಿನಡಿ ದೂರು ಬಂದರೆ ಆಯೋಗ ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿಸಲಾಗದು, ಅದಕ್ಕೆ 19ನೇ ಕಲಮಿನ ಮೇಲ್ಮನವಿಯೇ ದಾರಿ. ನಾಲ್ಕು ವಾರಗಳಲ್ಲಿ ಮೇಲ್ಮನವಿ ಹಾಕಿ, ಅವಧಿ ಮೀರಿತೆಂದು ಅದನ್ನು ತಳ್ಳಿಹಾಕಬಾರದು.

ನ್ಯಾಯಾಲಯದ ತರ್ಕದಲ್ಲಿ ಹುರುಳಿಲ್ಲವೆಂದಲ್ಲ. ಮೇಲ್ಮನವಿಯಲ್ಲಿ, ನಿರಾಕರಿಸಿದ್ದು ಸರಿಯೆಂದು ತೋರಿಸುವ ಹೊಣೆ ಅಧಿಕಾರಿಯದು. ಅದು ಅರ್ಜಿದಾರನಿಗೇ ಅನುಕೂಲ. ಆದರೆ ತಟ್ಟಿದ ಬಾಗಿಲು ತಪ್ಪೆಂದು ತಿಳಿಯಲು ನಾಲ್ಕು ವರ್ಷ ಹತ್ತು ತಿಂಗಳು ಹಿಡಿಯಿತು. ಆ ಕಾಲವನ್ನು ಕಳೆದುಕೊಂಡವರು ಯಾರು? ಉತ್ತರ ಕೊಡದೆ ಕುಳಿತವರಂತೂ ಅಲ್ಲ.

ದಂಡದ ಲೆಕ್ಕವನ್ನೂ ನೋಡಿ. ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000. ಅಲ್ಲಿಗೆ ನೂರು ದಿನ. ನೂರ ಒಂದನೆಯ ದಿನದಿಂದ ವಿಳಂಬ ಪುಕ್ಕಟೆ. ಎರಡನೇ ಮೇಲ್ಮನವಿಯನ್ನು ಆಯೋಗ ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಗಡುವನ್ನೇ ಹಾಕಿಲ್ಲ. 2010ರಲ್ಲಿ ಕಲ್ಕತ್ತಾ ಹೈಕೋರ್ಟ್ 45 ದಿನ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್, ಆಯೋಗಗಳ ಖಾಲಿ ಹುದ್ದೆಗಳನ್ನು ಸಕಾಲದಲ್ಲಿ ತುಂಬಿ ಎಂದಿತು. ಕೇಳುವ ಕಿವಿಯೇ ಇಲ್ಲದ ಕಡೆ ಗಡುವಿದ್ದರೂ ಏನು ಫಲ?

ಗುಮಾಸ್ತನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಧೂಳು ಹಿಡಿದ ಕಡತಗಳ ನಡುವೆ ಅವನೂ ಹುಡುಕಬೇಕು. ಆದರೆ ದಾಖಲೆಗಳನ್ನು ಸೂಚಿ ಮಾಡಿ ಒಪ್ಪವಾಗಿಡಬೇಕೆಂದು ಕಾಯ್ದೆಯ 4ನೇ ಕಲಂ ಅರ್ಜಿ ಬರುವ ಮೊದಲೇ ಹೇಳಿದೆ. ಹುಡುಕಲಾಗದಂತೆ ಇಟ್ಟವರಿಗೆ, ಹುಡುಕಲು ಸಮಯ ಬೇಕೆನ್ನುವ ಹಕ್ಕೆಷ್ಟು?

ಉರ್ದುವಿನಲ್ಲಿ 'ತಾರೀಖ್' ಎಂದರೆ ದಿನಾಂಕವೂ ಹೌದು, ಇತಿಹಾಸವೂ ಹೌದು. ಕನ್ನಡಕ್ಕೆ ಬರುವಾಗ ಅದು ಇತಿಹಾಸವನ್ನು ಅಲ್ಲೇ ಬಿಟ್ಟುಬಂದಿತು. ಆದರೆ ಮಗ ಹೇಗೆ ಸತ್ತನೆಂದು ಕೇಳುವ ತಾಯಿಯ ಪಾಲಿಗೆ ಎರಡೂ ಬೇರೆಯಲ್ಲ. ಅವಳ ತಾರೀಖನ್ನು ಮುಂದೂಡುತ್ತಾ ಹೋದರೆ ಒಂದು ದಿನ ಕಾಗದ ಸಿಗಬಹುದು, ಕೇಳಿದವಳು ಇರುವುದಿಲ್ಲ. ಆಗ ಕೊಟ್ಟದ್ದು ಉತ್ತರವಲ್ಲ, ಬರೀ ಕಾಗದ.