ಹೊಣೆ ಗೇಟಿನಾಚೆಗೆ ಮುಗಿಯದು

ಮಕ್ಕಳ ಹಟಕ್ಕೆ ಸಾಕಿದ ನಾಯಿ ಮರಿ ಹಾಕಿದೊಡನೆ, ಆ ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವವರು ನಮ್ಮ ನಡುವೆಯೇ ಇದ್ದಾರೆ. 'ಕೊಲ್ಲಲಿಲ್ಲವಲ್ಲ, ಹೇಗೋ ಬದುಕಿಕೊಳ್ಳುತ್ತವೆ' ಎಂಬುದು ಅವರ ಸಮಾಧಾನ. ಹೊಣೆ ಅಲ್ಲಿಗೆ ತೀರಿತೇ?

ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿಗಿಂತ ದೊಡ್ಡದು ನೆರೆಯವರ ಪ್ರೀತಿ. ಲಸಿಕೆ ಕಾಣದ ಆ ಮರಿ ನಾಳೆ ಯಾರದೋ ಮಗುವನ್ನು ಕಚ್ಚಬಹುದು. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಬದುಕುಳಿಯುವವರು ಅತಿ ವಿರಳ. ಬೆಕ್ಕಿನಿಂದಲೂ ಈ ರೋಗ ಬರುತ್ತದೆ.

3 ತಿಂಗಳಿಗೆ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಲಸಿಕೆ, ಸಂತಾನಹರಣ ಚಿಕಿತ್ಸೆ: ಇವು ಪ್ರಾಣಿಗೂ ನೆರೆಮನೆಗೂ ಸಲ್ಲುವ ಪ್ರೀತಿ. ಮರಿ ತರುವ ಮುನ್ನ ಕೇಳಿಕೊಳ್ಳಿ: ಮುದ್ದು ಮುಗಿದ ಮೇಲೂ ಹತ್ತು ಹನ್ನೆರಡು ವರ್ಷ ಅನ್ನ ಹಾಕಲು ನಾವು ಸಿದ್ಧರೇ?