ಹೇಳದೆ ಮಾಡಿದವನ ಕೈ

ಚಂಡೀಗಢದಿಂದ ಹಿಂದಿರುಗಿದ ವಾರ ಮೆಲ್ಕಾರಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಅವರು ಪಣೋಲಿಬೈಲಿನ ಕಲ್ಲುರ್ಟಿಗೆ ಅಗೇಲು ಸೇವೆ ಮಾಡಿಸಿ ಬಂದಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನೇಕ್ ಚಂದ್ ಅವರ ರಾಕ್ ಗಾರ್ಡನ್ನಿನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಒಡೆದ ಬಳೆಯ ಸೀರೆ ಉಟ್ಟ ಹೆಂಗಸರು, ಪಿಂಗಾಣಿ ಚೂರು ಹೊದ್ದ ಮಂಗಗಳು, ಹಳೆಯ ಸಾಕೆಟ್ಟುಗಳನ್ನು ಸಾಲಾಗಿ ಜೋಡಿಸಿದ ಗೋಡೆ.

"ಇಷ್ಟನ್ನೂ ಒಬ್ಬನೇ ಮಾಡಿದನಾ?"

"ಮೊದಲ ಹದಿನೆಂಟು ವರ್ಷ ಹೆಚ್ಚುಕಮ್ಮಿ ಒಬ್ಬನೇ. ಯಾರಿಗೂ ಹೇಳದೆ, ಸರಕಾರದ ಕಾಡಿನಲ್ಲಿ."

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತುಳುವಿನಲ್ಲಿ ಕೇಳಿದರು: "ಗೊತ್ತಾದ ಮೇಲೆ ಅವನ ಕೈ ಕಡಿಯಲಿಲ್ಲವಾ ಮಗಾ?"

ನನಗೆ ನಗು ಬಂತು. ಆದರೆ ಅವರು ನಗಲು ಹೇಳಿದ ಮಾತಲ್ಲ ಅದು. ಕಲ್ಲುರ್ಟಿಯ ಸೇವೆ ಮುಗಿಸಿ ಬಂದವರಿಗೆ ಅದಕ್ಕಿಂತ ಸಹಜವಾದ ಪ್ರಶ್ನೆ ಇರಲಾರದು.

ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ತುಳುನಾಡಿನವರಿಗೆ ಗೊತ್ತಿದ್ದದ್ದೇ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಕೆಲಸ ಕಂಡು ಭೈರರಸನಿಗೆ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಭಯವೂ ಆಯಿತು. ಇಂಥದ್ದೇ ಇನ್ನೊಂದನ್ನು ಇವನು ಬೇರೆಯವರಿಗೆ ಕಡೆದುಕೊಟ್ಟರೆ? ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಕಲ್ಕುಡ ವೇಣೂರಿಗೆ ಹೋಗಿ ಮತ್ತೊಬ್ಬ ಗೊಮ್ಮಟನನ್ನು ಕಡೆದ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಉರಿದು ನಿಂತಳು. ಇಬ್ಬರೂ ದೈವಗಳಾದರು. ಇತಿಹಾಸದ ಲೆಕ್ಕ ಬೇರೆ. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ನಡುವಿನ 172 ವರ್ಷ ಒಬ್ಬ ಶಿಲ್ಪಿಯ ಆಯುಷ್ಯದಲ್ಲಿ ಹಿಡಿಯುವುದಿಲ್ಲ. ಪಾಡ್ದನಕ್ಕೆ ಆ ಲೆಕ್ಕ ಬೇಕಾಗಿರಲಿಲ್ಲ. ಮಾಡುವ ಕೈಗೂ ಆಳುವ ಕೈಗೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಅದಕ್ಕೆ ಹೇಳಬೇಕಾಗಿತ್ತು.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ. ದೇಶ ಒಡೆದಾಗ ಮನೆಮಂದಿಯ ಜೊತೆ ಈಚೆ ಬಂದರು. ಚಂಡೀಗಢ ಕಟ್ಟುತ್ತಿದ್ದ ಕಾಲ. ಅಲ್ಲಿ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡುವ ಸಣ್ಣ ಸರಕಾರಿ ನೌಕರಿ ಸಿಕ್ಕಿತು. ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಲೆ ಕಾರ್ಬೂಸಿಯೆ ನೇರ ಗೆರೆಗಳಲ್ಲಿ ಅದರ ನಕ್ಷೆ ಬರೆದಿದ್ದರು. ಆ ಗೆರೆಗಳ ಕೆಳಗೆ ಹಳ್ಳಿಗಳಿದ್ದವು, ಅವನ್ನು ಕೆಡವಿದರು. ಊರು ಕಳೆದುಕೊಂಡು ಬಂದವರಿಗಾಗಿ ಬೇರೆ ಕೆಲವರು ಊರು ಕಳೆದುಕೊಂಡರು. ಆ ಮನೆಗಳ ಒಡಕು ಮಡಕೆ, ಬಳೆ ಚೂರು, ಹೆಂಚು, ಮುರಿದ ಪಿಂಗಾಣಿ ಎಲ್ಲ ಕಸವಾಯಿತು. ನೇಕ್ ಚಂದ್ ಅದನ್ನು ಸೈಕಲ್ಲಿನಲ್ಲಿ ಹೇರಿಕೊಂಡು, ಯಾವ ಕಟ್ಟಡವೂ ಏಳಬಾರದೆಂದು ಕಾಯ್ದಿಟ್ಟ ಕಾಡಿನ ಕಣಿವೆಗೆ ಸಾಗಿಸಿದರು. ಹೊಳೆಯ ಪಾತ್ರದಿಂದ ವಿಚಿತ್ರ ಆಕಾರದ ಕಲ್ಲುಗಳನ್ನು ತಂದರು. 1957ರ ಹೊತ್ತಿಗೆ ಕೆಲಸ ಶುರುವಾಗಿತ್ತು. ಹಗಲಿಡೀ ಸರಕಾರದ ರಸ್ತೆ, ರಾತ್ರಿ ಹಳೆಯ ಟಯರು ಉರಿಸಿದ ಬೆಳಕಿನಲ್ಲಿ ತನ್ನ ಲೋಕ. ಶಿಲ್ಪ ಕಲಿಸಿದ ಗುರುವಿಲ್ಲ, ಮಾಡಿಸಿದ ಅರಸನಿಲ್ಲ, ನೋಡುವವರೂ ಇಲ್ಲ.

ತೋಟದ ಬಾಗಿಲುಗಳು ತಗ್ಗು. ತಲೆ ಬಗ್ಗಿಸದೆ ಒಳಗೆ ಹೋಗಲಾಗುವುದಿಲ್ಲ. ಬಗ್ಗಿ ಎದ್ದರೆ ಎದುರಿಗೆ ಸಾಲು ಸಾಲು ಜನ. ಕೊಡ ಹೊತ್ತವರು, ಕುಣಿಯುವವರು, ಸುಮ್ಮನೆ ನಿಂತವರು. ಯಾರೂ ದೊಡ್ಡ ಮನುಷ್ಯರಲ್ಲ, ಯಾರಿಗೂ ಪೀಠವಿಲ್ಲ. ಮುಖಗಳು ಒರಟು. ಒಂದು ಮುಖದ ಕಣ್ಣು ಮೇಲೆ ಕೆಳಗಾಗಿದೆ, ಇನ್ನೊಂದಕ್ಕೆ ಕತ್ತೇ ಇಲ್ಲ. ಕಾರ್ಕಳದ ಬೆಟ್ಟ ಹತ್ತಿ ನಲವತ್ತೆರಡು ಅಡಿಯ ಏಕಶಿಲೆಯ ಕೆಳಗೆ ನಿಂತು ಬೆಳೆದವನಿಗೆ ಮೊದಲು ಇದು ಮಕ್ಕಳಾಟದಂತೆ ಕಂಡಿತು. ನಾಲ್ಕನೆಯ ಅಂಗಳ ದಾಟುವ ಹೊತ್ತಿಗೆ ಬೇರೆ ಏನೋ ತಟ್ಟಿತು. ಇಲ್ಲಿನ ಒಂದೊಂದು ಬಳೆ ಚೂರೂ ಯಾರದೋ ಕೈಯಲ್ಲಿದ್ದದ್ದು. ನಕ್ಷೆಯಲ್ಲಿ ಜಾಗ ಸಿಗದವರೆಲ್ಲ ಇಲ್ಲಿ ಬಂದು ನಿಂತಿದ್ದಾರೆ.

ಇನ್ನು ದೊಡ್ಡಮ್ಮನ ಪ್ರಶ್ನೆ. 1975ರಲ್ಲಿ ಅಧಿಕಾರಿಗಳಿಗೆ ಈ ಜಾಗ ಸಿಕ್ಕಿದಾಗ ಅದು ಹತ್ತು ಎಕರೆಗೂ ಮಿಕ್ಕಿ ಹಬ್ಬಿತ್ತು. ಕಾನೂನಿನ ಕಣ್ಣಿಗೆ ಅದು ಅತಿಕ್ರಮಣ, ಕೆಡವಬೇಕಾದದ್ದು ನ್ಯಾಯ. ಕೆಡವಲಿಲ್ಲ. 1976ರಲ್ಲಿ ಅದನ್ನೇ ಸಾರ್ವಜನಿಕ ಉದ್ಯಾನವಾಗಿ ತೆರೆದರು. ನೇಕ್ ಚಂದರಿಗೆ ಸಂಬಳ ಕೊಟ್ಟು, ಐವತ್ತು ಆಳುಗಳನ್ನು ಕೊಟ್ಟು, ಮುಂದುವರಿಸು ಎಂದರು. 1984ರಲ್ಲಿ ಪದ್ಮಶ್ರೀ ಬಂತು. ಕೈ ಕಡಿಯಲಿಲ್ಲ ದೊಡ್ಡಮ್ಮ, ನೂರು ಕೈ ಕೊಟ್ಟರು.

ಹೀಗೆ ಹೇಳಿಬಿಟ್ಟರೆ ಕಥೆ ಸುಖಾಂತವಾಗುತ್ತದೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಚೆಂದವಾಗಿದೆ ಎಂಬ ಕಾರಣಕ್ಕೆ ಅತಿಕ್ರಮಣ ಸರಿಯಾಗುತ್ತದೆಯೇ? ನಮ್ಮ ಕಡೆ ಸರಕಾರಿ ಜಾಗಕ್ಕೆ ಬೇಲಿ ಸರಿಸುವವರು ಕಡಿಮೆಯಿಲ್ಲ. ಗುಡ್ಡ ಜರಿಸಿದವರು, ಹೊಳೆಯ ಮರಳು ತೆಗೆದವರು ಎಲ್ಲರಿಗೂ ಒಂದೊಂದು ಸಬೂಬು ಇದ್ದೇ ಇರುತ್ತದೆ. ರಾತ್ರೋರಾತ್ರಿ ಒಂದು ವಿಗ್ರಹ ನಿಲ್ಲಿಸಿದರೆ ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ ಎಂಬ ಉಪಾಯವೂ ಎಲ್ಲರಿಗೂ ಗೊತ್ತು. ಕಲೆಗೆ ವಿನಾಯಿತಿ ಎಂದರೆ, ನಾಳೆ ಕಲೆಯ ಹೆಸರಿನಲ್ಲಿ ಬೇಲಿ ಸರಿಸುವವರು ಸಾಲುಗಟ್ಟುತ್ತಾರೆ.

ವ್ಯತ್ಯಾಸ ಎಲ್ಲಿದೆ? ನನಗೆ ಕಾಣುವುದು ಎರಡು. ನೇಕ್ ಚಂದ್ ತೆಗೆದುಕೊಂಡದ್ದು ಬೇರೆಯವರು ಎಸೆದದ್ದನ್ನು. ಇದು ನನ್ನದು ಎಂದು ಬೇಲಿ ಹಾಕಲಿಲ್ಲ, ಮಾರಲಿಲ್ಲ. ಎರಡನೆಯದು ಇನ್ನೂ ಮುಖ್ಯ. ಯಾವ ದಿನ ಬೇಕಾದರೂ ಇದನ್ನು ಕೆಡವಬಹುದು, ನೌಕರಿಯೂ ಹೋಗಬಹುದು ಎಂದು ಗೊತ್ತಿದ್ದೇ ಹದಿನೆಂಟು ವರ್ಷ ಮಾಡಿದರು. ಕಳೆದುಕೊಳ್ಳಲು ತಯಾರಿದ್ದು ಮಾಡಿದ್ದಕ್ಕೂ ದಕ್ಕಿಸಿಕೊಳ್ಳಲೆಂದು ಮಾಡಿದ್ದಕ್ಕೂ ಅಜಗಜಾಂತರ.

ಆದರೂ ಇದು ಪೂರ್ತಿ ಉತ್ತರವಲ್ಲ. ಮಾಡಿದವನ ಮನಸ್ಸು ಶುದ್ಧವೋ ಅಲ್ಲವೋ ಎಂದು ಅಳೆಯಲು ಅಧಿಕಾರಿಯ ಕೈಯಲ್ಲಿ ಟೇಪು ಇರುವುದಿಲ್ಲ. ಅವನ ಮುಂದೆ ಇರುವುದು ಒಂದು ವಸ್ತು ಮತ್ತು ಒಂದು ನಿಯಮ. ಆದ್ದರಿಂದ ಪರೀಕ್ಷೆ ಮಾಡಿದವನದಷ್ಟೇ ಅಲ್ಲ, ನೋಡಿದವನದೂ ಹೌದು. ತಾನು ಮಾಡಿಸದ, ತನ್ನ ಹೆಸರಿಲ್ಲದ, ತನ್ನ ನಕ್ಷೆಯಲ್ಲಿಲ್ಲದ ಒಂದು ಒಳ್ಳೆಯ ಕೆಲಸ ಎದುರಾದಾಗ ಅಧಿಕಾರವುಳ್ಳವನು ಏನು ಮಾಡುತ್ತಾನೆ? ಭೈರರಸ ಕಡಿಸಿದ. ದ್ರೋಣ ಏಕಲವ್ಯನ ಹೆಬ್ಬೆರಳು ಕೇಳಿದ. ಚಂಡೀಗಢದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಎಂ.ಎನ್. ಶರ್ಮರಿಗೆ ಈ ಗುಟ್ಟು ಎಲ್ಲರಿಗಿಂತ ಮೊದಲೇ ತಿಳಿದಿತ್ತು. ನಕ್ಷೆ ಕಾಯಬೇಕಾದ ಮನುಷ್ಯ ಅವರು. ನೋಡಿದರು, ಯಾರಿಗೂ ಹೇಳಲಿಲ್ಲ. ನೇಕ್ ಚಂದರ ರಾತ್ರಿಗಳಷ್ಟೇ ಬೆಲೆ ಆ ಮೌನಕ್ಕೂ ಇದೆ ಎಂದು ನನಗನ್ನಿಸುತ್ತದೆ. ಇಲ್ಲಿ ಕಾನೂನು ಸೋತಿತು ಎನ್ನಲಾರೆ. ಒಬ್ಬ ಮನುಷ್ಯ ಅದನ್ನು ಬಳಸಲು ಅವಸರ ಮಾಡಲಿಲ್ಲ, ಅಷ್ಟೆ.

ಈ ಪರೀಕ್ಷೆ ಒಮ್ಮೆ ಪಾಸಾದರೆ ಮುಗಿಯುವುದೂ ಇಲ್ಲ. 1990ರಲ್ಲಿ ತೋಟದ ಮೂಲಕ ರಸ್ತೆ ತೆಗೆಯಲು ಬುಲ್ಡೋಜರು ಬಂದಾಗ ಜನ ಅಡ್ಡ ನಿಂತು ತಡೆದರು. 1996ರಲ್ಲಿ ನೇಕ್ ಚಂದ್ ವಿದೇಶದಲ್ಲಿದ್ದಾಗ ಆಳುಗಳನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ಕಿಡಿಗೇಡಿಗಳು ನುಗ್ಗಿ ಮೂರ್ತಿಗಳನ್ನು ಒಡೆದರು. ಕೊಟ್ಟ ಕೈ ಕಿತ್ತುಕೊಳ್ಳಲೂ ಬಲ್ಲದು. ಅವರು ತೀರಿಕೊಂಡದ್ದು 2015ರಲ್ಲಿ. 2025ರಲ್ಲಿ ಪಕ್ಕದ ಹೈಕೋರ್ಟಿನ ವಾಹನಗಳ ಅನುಕೂಲಕ್ಕೆಂದು ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು. ಕಸದಿಂದ ಎದ್ದದ್ದು ಅಷ್ಟರ ಮಟ್ಟಿಗೆ ಮತ್ತೆ ಕಸವಾಯಿತು. ಕೈ ಕಡಿಯಲು ಈಗ ಅರಸ ಬೇಕಾಗಿಲ್ಲ, ವಾಹನ ನಿಲ್ಲಿಸಲು ಜಾಗ ಸಾಲದಿದ್ದರೆ ಸಾಕು.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಅವರಿಗೆ ಬಹಳ ಆಶ್ಚರ್ಯವೇನೂ ಆಗಲಿಲ್ಲ. "ಕೈ ಹೋದ ಮೇಲೂ ವೇಣೂರಲ್ಲಿ ಮಾಡಿದನಲ್ಲ" ಎಂದರು, ಕಲ್ಕುಡ ನಿನ್ನೆ ಮೊನ್ನೆ ಅಲ್ಲಿ ಕೆಲಸ ಮುಗಿಸಿದವನೋ ಎಂಬಂತೆ. ನ್ಯಾಯ ಸಿಗದವರ ಹತ್ತಿರವೇ ಜನ ಇಂದಿಗೂ ನ್ಯಾಯ ಕೇಳಲು ಹೋಗುವುದು ಏಕೆಂದು ನನಗೆ ಆಗ ಸ್ವಲ್ಪ ಅರ್ಥವಾಯಿತು.

ಸಂಜೆ ಬಸ್ಸಿಗೆಂದು ಮೆಲ್ಕಾರು ಜಂಕ್ಷನ್ನಿಗೆ ನಡೆದೆ. ಹೆದ್ದಾರಿ ಅಗಲಗೊಳಿಸಲು ಒಡೆದ ಕಟ್ಟಡಗಳದ್ದೋ ಏನೋ, ಒಂದು ಬದಿಯಲ್ಲಿ ಮಂಗಳೂರು ಹೆಂಚಿನ ಚೂರು, ಕೆಂಪುಕಲ್ಲಿನ ತುಂಡು, ಹೂ ಚಿತ್ತಾರದ ನೆಲದ ಟೈಲ್ಸು ರಾಶಿ ಬಿದ್ದಿದ್ದವು. ಒಂದು ಚೂರನ್ನು ಎತ್ತಿಕೊಂಡೆ. ಬಸ್ಸು ಬಂತು. ಅದನ್ನು ಏನು ಮಾಡುವುದೆಂದು ತಿಳಿಯದೆ, ಎಸೆಯಲೂ ಮನಸ್ಸಾಗದೆ, ಚೀಲಕ್ಕೆ ಹಾಕಿಕೊಂಡು ಹತ್ತಿದೆ.